ನಿಂತರೆ ನೀಲಿ, ಕೂತರೆ ಹಸಿರು

ಮದುವೆ ವಿಡಿಯೋ ಎಡಿಟ್ ಮಾಡುವವನ ಹಣೆಬರಹವೇ ಇಷ್ಟು. ಗಂಡ ಹೆಂಡತಿ ಜಗಳವಾಡಿದರೆ ಯಾರೂ ಅವನನ್ನು ಕೇಳುವುದಿಲ್ಲ, ಸೀರೆಯ ಬಣ್ಣ ಬದಲಾದರೆ ಮಾತ್ರ ಇಡೀ ಬೀಗರ ಪಡೆ ಬಾಗಿಲಿಗೆ ಬರುತ್ತದೆ. ಹೊಸ ತಿಪ್ಪಸಂದ್ರದ ನನ್ನ ಪುಟ್ಟ ಸ್ಟುಡಿಯೋದಲ್ಲಿ ಇದನ್ನೇ ಅನುಭವಿಸಿ ಅನುಭವಿಸಿ ಸಾಕಾಗಿದೆ.

ಈರುಳ್ಳಿ ಸಿಪ್ಪೆ

ಒಮ್ಮೆ ಮದುಮಗಳ ಚಿಕ್ಕಮ್ಮ ಗಂಡನ ಜೊತೆ ಕ್ಯಾಸೆಟ್ ಹಿಡಿದು ಬಂದರು. "ನನ್ನ ಸೀರೆ ಈರುಳ್ಳಿ ಸಿಪ್ಪೆ ಬಣ್ಣ ಕಣ್ರೀ. ನೀವು ಇಟ್ಟಿಗೆ ಮಾಡಿದ್ದೀರ!"

ನನ್ನ ಮಾನಿಟರ್‌ಗೆ ವಯಸ್ಸಾಗಿ ಕೆಂಪು ಮಂಕಾಗಿತ್ತು. ಅದನ್ನು ನಂಬಿ ನಾನು ಕೆಂಪು ಏರಿಸಿದ್ದೆ. ಅವರು ಚೀಲದಿಂದ ಸೀರೆಯನ್ನೇ ತೆಗೆದು ಪರದೆಯ ಪಕ್ಕ ಹಿಡಿದರು. ಗಂಡ ಪಾಪ, "ನಂಗೇನೋ ಎರಡೂ ಒಂದೇ ಥರ ಕಾಣ್ತಿದೆ" ಅಂದರು.

"ನೀವು ಸುಮ್ನಿರಿ. ಹೆಣ್ಣು ನೋಡೋಕೆ ಬಂದಾಗ ನಾನೂ ನಮ್ಮಕ್ಕನೂ ಒಂದೇ ಥರ ಕಂಡಿದ್ವಿ ನಿಮಗೆ!"

ಮ್ಯಾಚಿಂಗ್

ಬಣ್ಣ ಸರಿಯಾಗಿ ತೋರಿಸುವ ಮಾನಿಟರ್ ತರದಿದ್ದರೆ ಸ್ಟುಡಿಯೋಗೆ ಬೀಗ ಹಾಕಬೇಕಾದೀತು ಎಂದು ಭಯವಾಯಿತು. ಚಿಕ್ಕಮ್ಮನ ಕೈಕಾಲು ಹಿಡಿದು ಆ ಸೀರೆಯನ್ನೇ ಇಸಿದುಕೊಂಡೆ. ಅದನ್ನೂ, ಅದೇ ಮದುವೆಯ ಇನ್ನೂ ಎಡಿಟ್ ಮಾಡದ ತುಣುಕಿನ ಸಿಡಿಯನ್ನೂ ಹಿಡಿದು ಶಿವಾಜಿನಗರದ ಕಂಪ್ಯೂಟರ್ ಅಂಗಡಿಗೆ ಹೋದೆ.

"ಇದು ತಗೊಳ್ಳಿ ಸಾಬ್, ಕಲರ್ ಜಾಸ್ತಿ ಬರ್ತದೆ" ಅಂದ ಅಂಗಡಿಯವನು.

"ಜಾಸ್ತಿ ಬೇಡಪ್ಪ, ಸರಿಯಾಗಿ ಬರ್ಬೇಕು."

"ಸರಿ ಅಂದ್ರೆ ಎಷ್ಟು ಸಾಬ್?"

ಸಿಡಿ ಹಾಕಿಸಿ, ಒಂದೊಂದು ಮಾನಿಟರ್‌ಗೂ ಸೀರೆ ಹಿಡಿಯುತ್ತಾ ಹೋದೆ. ಹೊಸದಾಗಿ ಬಂದಿದ್ದ ತೆಳ್ಳಗಿನವು ನಾನು ತಲೆ ವಾಲಿಸಿದ ಕಡೆಗೆಲ್ಲ ಬಣ್ಣ ಬದಲಿಸಿದವು. ಕೊನೆಗೆ ಸೀರೆಗೆ ಒಪ್ಪಿದ್ದು ಮೂಲೆಯಲ್ಲಿದ್ದ ದಪ್ಪ ಡಬ್ಬದಂಥದ್ದು. ಬೆವರು ಒರೆಸಿಕೊಳ್ಳುತ್ತಾ ಅಂಗಡಿಯವನು ಹೇಳಿದ: "ಸೀರೆಗೆ ಮ್ಯಾಚಿಂಗ್ ಬ್ಲೌಸ್ ಕೇಳೋರನ್ನ ನೋಡಿದ್ದೆ ಸಾಬ್, ಮ್ಯಾಚಿಂಗ್ ಮಾನಿಟರ್ ಕೇಳಿದ್ದು ನೀವೊಬ್ರೇ!"

ಪೂಜೆ

ಹೊಸ ವಸ್ತು ಬಂದರೆ ನನ್ನವಳು ಬಿಡುತ್ತಾಳೆಯೇ? ಗಾಜಿನ ನಟ್ಟನಡುವೆ ಕುಂಕುಮ ಇಟ್ಟು, "ಇವತ್ತೊಂದಿನ ಒರೆಸ್ಬೇಡಿ" ಅಂದಳು. ಅವತ್ತೇ ರಿಚರ್ಡ್ಸ್ ಟೌನಿನವರೊಬ್ಬರು ಮಗಳು-ಅಳಿಯನ ಮದುವೆಯ ವಿಡಿಯೋ ನೋಡಲು ಬಂದರು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಏನ್ ಸಾರ್, ನಮ್ ಮಾಪ್ಳೆ ಚರ್ಚ್‌ನಲ್ಲಿ ಯಾವಾಗ ಕುಂಕುಮ ಇಟ್ಕೊಂಡ?"

ಅಜ್ಜಿಯ ಟಿವಿ

ಆ ಮಾನಿಟರ್‌ನಲ್ಲಿ ಮನಸ್ಸಿಟ್ಟು ಮಾಡಿದ್ದು ಹೊರಮಾವಿನ ಹಳೆಯ ಜಮೀನ್ದಾರರ ಮನೆಯ ಮದುವೆ. ಆ ಮನೆಯಲ್ಲಿ ಇನ್ನೂ ಇಬ್ಬರು ಮೊಮ್ಮಕ್ಕಳು ಮದುವೆಗೆ ಇದ್ದರು. ಇವರು ಮೆಚ್ಚಿದರೆ ಊರೆಲ್ಲ ನನ್ನನ್ನೇ ಕರೆಯುತ್ತದೆ, ಮುಖ ತಿರುಗಿಸಿದರೆ ಆ ಕಡೆ ತಲೆ ಹಾಕುವಂತಿಲ್ಲ. ಕ್ಯಾಸೆಟ್ ಕೊಟ್ಟ ಮಾರನೇ ದಿನವೇ ಆ ಮನೆಯ ಅಜ್ಜಿಯ ಫೋನ್ ಬಂತು.

"ಏನಪ್ಪಾ ಇದು? ಹುಡ್ಗಿ ನಿಂತ್ರೆ ನೀಲಿ, ಕೂತ್ರೆ ಹಸಿರು!"

ನನಗೆ ಅಳುವೇ ಬಂತು. ಯಾವ ಮಾನಿಟರ್ ತಪ್ಪಾದರೂ ಹೀಗಾಗುವುದಿಲ್ಲ. ಆಟೋ ಹಿಡಿದು ಓಡಿದೆ.

ಬಾಗಿಲಲ್ಲಿ ಹೊಸ ಕಾರು, ನಡುಮನೆಯಲ್ಲಿ ಗೋಡೆಯಗಲದ ಟಿವಿ. ಅಜ್ಜಿಯ ಕೋಣೆಯಲ್ಲಿ ಮಾತ್ರ ಹಳೆಯ ಬ್ಲ್ಯಾಕ್ ಅಂಡ್ ವೈಟ್. ಅದರ ಗಾಜಿಗೆ ಹಿಂದಿನ ಕಾಲದ ಬಣ್ಣದ ಪ್ಲಾಸ್ಟಿಕ್ ಹಾಳೆ: ಮೇಲೆ ಆಕಾಶಕ್ಕೆ ನೀಲಿ, ಕೆಳಗೆ ಹುಲ್ಲಿಗೆ ಹಸಿರು, ನಡುವೆ ಮನುಷ್ಯರಿಗೆ ಕಿತ್ತಳೆ.

"ಅಜ್ಜಿ, ಇದು ಕಲರ್ ಟಿವಿ ಅಲ್ಲ..."

"ಮತ್ತೆ ಇದೇನು, ಬಣ್ಣ ಅಲ್ವಾ? ವಾರ್ತೆ ಓದೋರು ಎಲ್ರೂ ನೆಟ್ಟಗೆ ನಡುವೇನೇ ಕೂತ್ಕೋತಾರೆ. ನಿನ್ನ ವಿಡಿಯೋದೋರೇ ಒಂದ್ ಕಡೆ ಇರಲ್ಲ!"

"ತಪ್ಪಾಯ್ತಜ್ಜಿ, ನನ್ನ ಮಾನಿಟರ್‌ದೇ ತಪ್ಪು" ಅಂತ ತಲೆಯಾಡಿಸಿದೆ. ಅಜ್ಜಿಗೆ ಕರುಣೆ ಬಂತು. "ಇನ್ನಿಬ್ಬರ ಮದ್ವೆಗೂ ನೀನೇ ಬಾ. ಮುಖ ಮಾತ್ರ ನಡುವೆ ಇಕ್ಕು."

ಎರಡನೆಯ ಮೊಮ್ಮಗಳ ಮದುವೆ ಬಂದಾಗ, ಬಣ್ಣಕ್ಕೆಂದೇ ಅಂಗಡಿಯೆಲ್ಲ ಜಾಲಾಡಿ ತಂದ ಆ ಮಾನಿಟರ್‌ಗೆ ಅಜ್ಜಿಯ ಕಿತ್ತಳೆ ಪಟ್ಟಿಯ ಅಳತೆಗೆ ಮೇಲೊಂದು ಕೆಳಗೊಂದು ಟೇಪ್ ಅಂಟಿಸಿಕೊಂಡು, ಬೀಗರ ಮುಖಗಳನ್ನೆಲ್ಲ ನಡುವೆ ತುರುಕಿ ಎಡಿಟ್ ಮಾಡಿದೆ. ಮತ್ತೆ ಅಜ್ಜಿಯ ಫೋನ್ ಬಂತು.

"ಈಗ ನೋಡಪ್ಪಾ, ಬಣ್ಣ ಸರಿ ಬಂದಿದೆ! ಹೊಸ ಮಾನಿಟರ್ ತಗೊಂಡ್ಯಾ?"