ಮಾಮಾನ ಬಡಗಲ ಕಾಲು

ನಮ್ಮ ಮಾಮಾನಿಗೆ ಎಡಗಾಲೂ ಇಲ್ಲ, ಬಲಗಾಲೂ ಇಲ್ಲ. ಆದರೂ ಬನಹಟ್ಟಿ ಪೇಟೆಯಲ್ಲಿ ನನಗಿಂತ ಜೋರಾಗಿ ನಡೆಯುತ್ತಾರೆ. ಅವರಿಗಿರುವುದು ಒಂದು ಬಡಗಲ ಕಾಲು, ಒಂದು ತೆಂಕಲ ಕಾಲು.

ಮಾಮಾ ಎಂದರೆ ನನ್ನ ಅಕ್ಕನ ಗಂಡ, ಹಳೆಯ ನೇಕಾರ. ಮೂಡಣಕ್ಕೆ ಮುಖ ಮಾಡಿದ ಒಂದೇ ಕೈಮಗ್ಗದಲ್ಲಿ ಆಯುಷ್ಯವಿಡೀ ಕೂತವರು. ಹಾಗೆ ಕೂತಾಗ ಬಡಗಣಕ್ಕೆ, ಅಂದರೆ ಉತ್ತರಕ್ಕೆ, ಬಿದ್ದ ಎಡಗಾಲಿಗೆ "ಬಡಗಲ ಕಾಲು" ಎಂಬ ಹೆಸರು ಕಾಯಂ ಆಯಿತು.

"ಈ ಕಡೆ ಹೊಳ್ಳಿ ನಿಂತರ ಏನಂತೀರಿ ಮಾಮಾ?" ಎಂದು ಕೆಣಕಿದ್ದೆ.

"ನೀ ಲೋಕಾಪುರಕ್ಕ ಹೋದರ ನಿನ್ನ ಹೆಸರು ಬದಲಾಗತೈತೇನಲೇ?"

ಈ ಬಡಗಲ ಕಾಲಿನ ಮೀನಖಂಡದಲ್ಲಿ ಒಂದು ಗಂಟು ಎದ್ದಿತು. ಲಿಂಬೆಹಣ್ಣಿನಷ್ಟಿದ್ದದ್ದು ಮೋಸಂಬಿಯಷ್ಟಾಯಿತು. ಮಾಮಾ ಹೆದರಿದರೇ? ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಗಂಟು ತೋರಿಸುತ್ತಿದ್ದರು. "ಒತ್ತಿ ನೋಡ್ರಿ, ಹೆಂಗ ಸರೀತೈತಿ." ಅಕ್ಕ ಮಾತ್ರ ಕ್ಯಾನ್ಸರೇ ಎಂದು ಒಳಗೊಳಗೆ ಅಳುತ್ತಿದ್ದಳು. ಕೊನೆಗೆ ಅವರನ್ನು ಜಮಖಂಡಿಗೆ, ನಾನು ಗುಮಾಸ್ತನಾಗಿದ್ದ ಆಸ್ಪತ್ರೆಗೆ ಎಳೆದು ತಂದಳು.

ಡಾಕ್ಟರು ಒತ್ತಿದರು, ಸ್ಕ್ಯಾನ್ ಮಾಡಿಸಿದರು, ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. "ಬರೇ ಕೊಬ್ಬಿನ ಗಂಟರಿ, ಅಪಾಯ ಇಲ್ಲ. ಮಗ್ಗ ತುಳಿಯಾಕ ತ್ರಾಸ ಆಗತೈತಿ ಅಂದರ ತೆಗದು ಬಿಡೂಣು."

"ಇರಲಿ ಬಿಡ್ರಿ, ಅದೇನು ಊಟ ಕೇಳಾಕತ್ತಿಲ್ಲ" ಎಂದರು ಮಾಮಾ. ಅಕ್ಕ ಕಣ್ಣು ಕೆಕ್ಕರಿಸಿದಳು. ಒಪ್ಪಿದರು.

ಇನ್ನು ನನ್ನ ಪಾಪ. ಸರ್ಕಾರಿ ಆರೋಗ್ಯ ಕಾರ್ಡಿನ ಮೇಲೆ ಪುಕ್ಕಟೆ ಶಸ್ತ್ರಕ್ರಿಯೆಗೆ ಮಂಜೂರಿ ಬರಬೇಕಾದರೆ ರೋಗಕ್ಕೊಂದು ಕೋಡ್ ಹಾಕಿ ಕಳಿಸಬೇಕು. ಹಾಕುವವನು ಹತ್ತನೇ ಇಯತ್ತೆ ಪಾಸಾದ ನಾನು. ಎಡಗಾಲಿನ ಗಂಟಿಗೆ ಒಂದು ಕೋಡ್, ಬಲಗಾಲಿನದಕ್ಕೆ ಇನ್ನೊಂದು. ಡಾಕ್ಟರ ಚೀಟಿಯಲ್ಲಿ ಯಾವ ಕಾಲೆಂದು ಇರಲಿಲ್ಲ. ಎದ್ದು ಹೋಗಿ ನೋಡಬಹುದಿತ್ತು. ಆದರೆ ಊಟದ ಡಬ್ಬಿ ಬಿಚ್ಚಿದ್ದೆ. ಹೊರಗೆ ಕೂತಿದ್ದ ಮಾಮಾನಿಗೆ ಕಿಟಕಿಯಿಂದಲೇ ಕೂಗಿದೆ.

"ಮಾಮಾ, ಯಾವ ಕಾಲರಿ?"

"ಬಡಗಲ ಕಾಲು."

ನನ್ನ ಕುರ್ಚಿ ಪಡುವಣಕ್ಕೆ ಮುಖವಾಗಿತ್ತು. ಬಡಗಣ ನನ್ನ ಬಲಕ್ಕೆ. ರೊಟ್ಟಿ ಮುರಿಯುತ್ತ, ಮಾಮಾನ ಮಗ್ಗದ ಲೆಕ್ಕ ಮರೆತು, ಬಲಗಾಲಿನ ಕೋಡ್ ಹಾಕಿದೆ.

ಶಸ್ತ್ರಕ್ರಿಯೆಯ ಮೇಜಿನ ಮೇಲೆ ನರ್ಸ್ ಬಲಗಾಲು ಒರೆಸುತ್ತಿದ್ದಾಗ ಮಾಮಾ ತಲೆ ಎತ್ತಿದರಂತೆ. "ಯವ್ವಾ, ಆ ಕಾಲಾಗ ಏನು ಹುಡಕಾಕತ್ತಿ?"

ಡಾಕ್ಟರು ಕಾಗದ ಹಿಡಿದು ನನ್ನ ಕೋಣೆಗೆ ಬಂದರು. "ಯಾರು ಬರದದ್ದು? ಇವತ್ತಽ ಮನಿಗೆ ಕಳಸತೇನಿ." ಹಿಂದೆಯೇ ಗಾಲಿಕುರ್ಚಿಯಲ್ಲಿ ಬಂದ ಮಾಮಾ ಅಂದರು: "ಅವನ್ನ ಬೈಬ್ಯಾಡ್ರಿ. ಪಾಪ, ಕೇಳಿದ್ದ. ನಾನಽ ಬಲಗಾಲು ಅಂತ ಹೇಳೇನಿ. ಮುದುಕರಿ, ಮರತೆ."

ಮಾಮಾ "ಬಲಗಾಲು" ಎಂದದ್ದು ಆಯುಷ್ಯದಲ್ಲಿ ಅದೊಂದೇ ಸಲ. ನಾನು ಆ ಸುಳ್ಳಿನ ಮರೆಯಲ್ಲೇ ಕಾಗದ ಎಳೆದುಕೊಂಡು ಕೋಡ್ ತಿದ್ದಲು ಕೂತೆ.

ಮತ್ತೆ ಮಂಜೂರಿ ಬಂದು, ಗಂಟೇನೋ ಹೋಯಿತು. ಆದರೆ "ತನ್ನ ಕಾಲು ತಾನೇ ಮರೆತವ" ಎಂಬ ಹೆಸರು ಮಾಮಾನಿಗೆ ಅಂಟಿತು. ಈ ಕಥೆಯನ್ನು ಮದುವೆ ಮನೆಗಳಲ್ಲಿ ಎಲ್ಲರಿಗಿಂತ ರಂಗಾಗಿ ಹೇಳಿ ನಗಿಸಿದವನು ಯಾರು? ನಾನೇ. ಮಾಮಾ ಅಲ್ಲೇ ಕೂತು ತಾವೂ ನಗುತ್ತಿದ್ದರು.

ಹೋದ ವಾರ ಬನಹಟ್ಟಿಗೆ ಹೋಗಿ, "ಮಾಮಾ, ಎಲ್ಲಾರಿಗೂ ಖರೆ ಹೇಳಿ ಬಿಡತೇನ್ರಿ" ಎಂದೆ.

ಮಗ್ಗ ನಿಂತಿತು. "ಬ್ಯಾಡ," ಎಂದರು ಮೆಲ್ಲಗೆ. "ನಿಮ್ಮ ಅಕ್ಕಗ ತವರು ಅಂತ ಉಳದಾಂವ ನೀ ಒಬ್ಬನಽ. ಆಕಿ ಕಣ್ಣಾಗ ಅದು ಸಣ್ಣದಾಗಬಾರದು."

ಆದರೂ ಬರೆದಿದ್ದೇನೆ. ಅಕ್ಕನಿಗೆ ಓದಲು ಬರುವುದಿಲ್ಲ. ಮಾಮಾ ಓದಿ ಹೇಳಬೇಕು. ಅವರು ಯಾವ ಸಾಲುಗಳನ್ನು ಬಿಟ್ಟು ಓದುತ್ತಾರೆಂದು ನನಗೆ ಗೊತ್ತು. ಅದಕ್ಕೇ ಇವತ್ತು ನಾನೇ ಹೋಗಿ, ಆಕೆಯ ಎದುರಿಗೆ ಕೂತು ಓದುತ್ತೇನೆ.