ಆತು ಅಂದವರ ತೋಟ

ಹದಿನೇಳು ವರ್ಷ ಮಕ್ಕಳಿಗೆ ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯ ಎಲ್ಲ ಕಲಿಸಿದ ಮಾಸ್ತರ ನಾನು. ಆದರೆ ನಮ್ಮೂರ ಬಾಯಲ್ಲಿ ದಿನಕ್ಕೆ ಸಾವಿರ ಸಲ ಬರುವ ಎರಡೇ ಅಕ್ಷರದ ಒಂದು ಮಾತಿನ ಅರ್ಥ ಮಾತ್ರ ನನಗೆ ತಿಳಿದಿರಲಿಲ್ಲ. ಆ ಮಾತು ‘ಆತು’. ಕೆಲಸ ಮುಗಿಯಿತೇ ಎಂದರೆ ‘ಆತು’. ಕೆಲಸ ಮಾಡುತ್ತೀಯಾ ಎಂದರೂ ‘ಆತು’. ಸಾಕಪ್ಪಾ ನಿನ್ನ ಸಹವಾಸ ಎನ್ನುವುದಕ್ಕೂ ‘ಆತು’. (ಈ ಮೂರನೆಯದು ನಮ್ಮ ಮನೆಯಲ್ಲಿ ಹೆಚ್ಚು ಬಳಕೆಯಲ್ಲಿತ್ತು.)

ಆಗ ಯುದ್ಧದ ಕಾಲ. ರೇಶನ್ನಿನ ಅಕ್ಕಿಯಲ್ಲಿ ಕಲ್ಲು ಆರಿಸುವುದು ಬಿಟ್ಟು ಅಕ್ಕಿಯನ್ನೇ ಆರಿಸಿಕೊಳ್ಳುತ್ತಿದ್ದ ಕಾಲ. ಧಾರೇಶ್ವರದ ಪಕ್ಕದ ನಮ್ಮ ಶಾಲೆಗೂ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಸರಕಾರಿ ಹುಕುಂ ಬಂತು. ಅದರ ಬೆನ್ನಿಗೇ ಒಂದು ಕೆಟ್ಟ ಸುದ್ದಿಯೂ ಬಂತು. ಭಟ್ಕಳದ ಹತ್ತಿರ ಮುಟ್ಟಳ್ಳಿಯ ಶಾಲೆಗೆ ಒಬ್ಬ ಮಾಸ್ತರ ಬೇಕಂತೆ, ಮುಂದಿನ ತಪಾಸಣೆ ಆದ ಮೇಲೆ ನಮ್ಮ ಕುಮಟೆಯ ಕಡೆಯಿಂದ ಯಾರನ್ನಾದರೂ ವರ್ಗ ಮಾಡುತ್ತಾರಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

ಇಲ್ಲಿ ಒಂದು ಮಾತು. ಬೇರೆಯವರ ಹೆಂಡತಿಯರು ಮದುವೆಯಾದ ಮೇಲೆ ಶ್ರೀಮತಿಯರಾಗುತ್ತಾರೆ. ನನ್ನವಳ ಹೆಸರೇ ಶ್ರೀಮತಿ. ಹುಟ್ಟಿದಂದಿನಿಂದಲೂ ಶ್ರೀಮತಿಯಾಗಿದ್ದು ಅಭ್ಯಾಸ, ಹಾಗಾಗಿ ಆ ಕೆಲಸದಲ್ಲಿ ಅವಳ ಕೈ ಪಳಗಿದೆ.

“ಹೋಗೂದಾದ್ರೆ ನೀವೊಬ್ರೇ ಹೋಗಿ. ನನ್ನ ಎಮ್ಮೆ ಗಬ್ಬ, ಇನ್ನು ಮೂರು ತಿಂಗಳಿಗೆ ಕರು ಹಾಕ್ತದೆ. ನಾ ಎಲ್ಲಿಗೂ ಬರೂದಿಲ್ಲ,” ಎಂದಳು.

“ಅಲ್ಲಿ ನಂಗೆ ಬೇಯಿಸಿ ಹಾಕೂರು ಯಾರೆ?”

“ನಿಮ್ಮ ವ್ಯಾಕರಣ ಬೇಯ್ಸ್ಕಣಿ.”

ನಗಬೇಡಿ. ನನಗೆ ಒಲೆ ಹೊತ್ತಿಸಲು ಬಾರದು. ಒಮ್ಮೆ ಅವಳು ತವರಿಗೆ ಹೋಗಿದ್ದಾಗ ಚಹಾ ಮಾಡಲು ಹೋಗಿ ಪಾತ್ರೆಯ ತಳವನ್ನೇ ಕಳೆದುಕೊಂಡಿದ್ದೆ. ಮುಟ್ಟಳ್ಳಿ ಎಂದರೆ ನನಗೆ ಉಪವಾಸ, ಅಷ್ಟೇ.

ಆಗ ಹೊಳೆಯಿತು ಉಪಾಯ! ಶಾಲೆಯ ತಪಾಸಣೆಗೆ ಬರುವ, ವರ್ಗ ಮಾಡುವ ದಿಪೋಟಿ ಸಾಹೇಬರಿಗೆ ತರಕಾರಿ ಎಂದರೆ ಪ್ರಾಣ ಎಂದು ಕೇಳಿದ್ದೆ. ಊರಿಗೆಲ್ಲ ಮಾದರಿಯಾಗುವಂಥ ಒಂದು ತೋಟ ಎಬ್ಬಿಸಿ, ಅದರ ಫಸಲಿನ ಊಟವನ್ನೇ ಅವರಿಗೆ ಬಡಿಸಿದರೆ, ಇಂಥ ಮಾಸ್ತರನನ್ನು ಯಾರು ತಾನೇ ಹೊಳೆ ದಾಟಿಸುತ್ತಾರೆ?

ಭತ್ತ ಕೊಯ್ದು ಖಾಲಿ ಬಿದ್ದಿದ್ದ ಹೊನ್ನಮ್ಮನ ಗದ್ದೆಯಲ್ಲಿ ನಾಲ್ಕು ಮನೆಯವರು ಸೇರಿದೆವು. ಗದ್ದೆಯ ಒಡತಿ ಹೊನ್ನಮ್ಮ, ಅರವತ್ತು ದಾಟಿದ ಗಟ್ಟಿ ಮುದುಕಿ. ದರ್ಜಿ ಸೋಮಯ್ಯ. ಕೂಲಿಯ ಕುಪ್ಪ. ಮತ್ತು ನಾವು. ಸಂಘಕ್ಕೆ ‘ಸಾಮೂಹಿಕ ಶಾಕ ಸಂವರ್ಧನ ಸಂಘ’ ಎಂದು ನಾಮಕರಣ ಮಾಡಿ ನಾನೇ ಅಧ್ಯಕ್ಷನಾದೆ.

“ಹೆಸ್ರಿನಷ್ಟು ಉದ್ದ ಪಡವಲಕಾಯಿ ಆದ್ರೆ ಸಾಕಾಗಿತ್ತು,” ಎಂದಳು ಹೊನ್ನಮ್ಮ.

ನಿಯಮ ನಾನೇ ಬರೆದೆ. ಗದ್ದೆಯ ಮೂಲೆಯಲ್ಲಿ ತೋಡಿದ ಹೊಂಡದಿಂದ ಒಂದೊಂದು ಮನೆಯವರು ಮೂರು ಮೂರು ದಿನ, ಬೆಳಿಗ್ಗೆ ಸಂಜೆ ಎರಡು ಹೊತ್ತೂ, ಜೋಡಿ ಕೊಡದಲ್ಲಿ ನೀರು ಹೊಯ್ಯತಕ್ಕದ್ದು. ಸಿಕ್ಕ ಫಸಲನ್ನು ಹದಿನೈದು ದಿನಕ್ಕೊಂದು ರವಿವಾರ ಹೊನ್ನಮ್ಮನ ಅಂಗಳದಲ್ಲಿ ಒಟ್ಟಿಗೇ ಬೇಯಿಸಿ ಎಲ್ಲರೂ ಉಣ್ಣತಕ್ಕದ್ದು. ಅಧ್ಯಕ್ಷರು ದೇಖರೇಖಿ, ಅಂದರೆ ಮೇಲ್ವಿಚಾರಣೆ, ಮಾಡತಕ್ಕದ್ದು. ನಮ್ಮ ಮನೆಯ ಪಾಳಿ ಬಂದಾಗ ಶ್ರೀಮತಿ ನೀರು ಹೊಯ್ಯುತ್ತಿದ್ದಳು, ನಾನು ಬದುವಿನ ಮೇಲೆ ನಿಂತು ದೇಖರೇಖಿ ಮಾಡುತ್ತಿದ್ದೆ. ಒಂದು ದಿನ ಅವಳು ಕೊಡ ನೆಲಕ್ಕೆ ಕುಕ್ಕಿದಳು.

“ಹೋಯ್, ಆ ದೇಖರೇಖಿಯಿಂದ ಹರಿವೆಗೆ ಎಷ್ಟು ಕೊಡ ನೀರು ಬಿತ್ತು ಹೇಳಿ.”

“ನಂಗೆ ಸೊಂಟ ನೋವು ಮಾರಾಯ್ತಿ.”

“ಉಣ್ಣೂಕೆ ಕೂತಾಗ ಎಲ್ಲಿ ಹೋಗ್ತದೆ ಆ ಸೊಂಟ?”

ಆದರೂ ಮೊದಲ ಊಟ! ಇಂದಿಗೂ ನೆನೆದರೆ ಕಣ್ಣಲ್ಲಿ ನೀರು ಬರುತ್ತದೆ. ಬಾಳೆಲೆಯ ಮೇಲೆ ಹರಿವೆ ಸೊಪ್ಪಿನ ಪಲ್ಯ, ಬಸಳೆಯ ಸಾರು, ಹದವಾಗಿ ಬೆಂದ ಮೊಗೆಕಾಯಿ (ಸಾಂಬಾರು ಸೌತೆ) ಹುಳಿ. ರೇಶನ್ನಿನ ಅನ್ನ ಕೂಡ ನಾಚಿಕೊಂಡು ರುಚಿಯಾಗಿತ್ತು. ಕುಪ್ಪ ನಾಲ್ಕು ಸಲ ಬಡಿಸಿಕೊಂಡ, ಸೋಮಯ್ಯ ಎದ್ದು ನಿಂತು ಪಂಚೆ ಸಡಿಲಿಸಿ ಮತ್ತೆ ಕೂತ. ಶ್ರೀಮತಿ ಕೂಡ ನನ್ನ ಎಲೆಗೆ ಕೇಳದೆಯೇ ಇನ್ನೊಂದು ಸೌಟು ಹುಳಿ ಹಾಕಿದಳು. ಈ ಊರನ್ನೂ ಈ ಸೌಟನ್ನೂ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಆ ಕ್ಷಣವೇ ಗಟ್ಟಿ ಮಾಡಿಕೊಂಡೆ. ಮರುದಿನವೇ ಸಾಹೇಬರಿಗೆ ವರದಿ ಬರೆದೆ: ‘ಬದನೆಗಳು ಸೈನಿಕರಂತೆ ಸಾಲಾಗಿ ನಿಂತಿವೆ. ಬಸಳೆಯ ಚಪ್ಪರದ ಕೆಳಗೆ ಹಗಲೂ ಕತ್ತಲೆ.’

ಆ ವಾರ ನಾಲ್ಕು ಬದನೆಕಾಯಿ ಕಾಣೆಯಾದವು. ತಕ್ಷಣ ಸಭೆ ಕರೆದು ಇನ್ನೊಂದು ನಿಯಮ ಸೇರಿಸಿದೆ: ಪಾಳಿ ಇಲ್ಲದವರು ತೋಟದೊಳಗೆ ಕಾಲಿಡತಕ್ಕದ್ದಲ್ಲ. (ಬದನೆಕಾಯಿ ಎಲ್ಲಿ ಹೋದವೆಂದು ಕೇಳಬೇಡಿ. ಶ್ರೀಮತಿ ಅಂದು ಬಜ್ಜಿ ಬಹಳ ಚೆನ್ನಾಗಿ ಮಾಡಿದ್ದಳು.)

ಸಾಹೇಬರಿಂದ ಕಾಗದ ಬಂತು. ಗುರುವಾರ ಬರುತ್ತೇವೆ, ತೋಟ ನೋಡಿ ಊಟ ಅಲ್ಲೇ ಮಾಡುತ್ತೇವೆ. ಲೆಕ್ಕ ಹಾಕಿ ನೋಡಿದರೆ ಸೋಮವಾರದಿಂದ ಬುಧವಾರದವರೆಗೆ ನಮ್ಮದೇ ಪಾಳಿ! ಆಗಷ್ಟೇ ಕರು ಹಾಕಿದ ಎಮ್ಮೆಯ ಬುಡ ಬಿಟ್ಟು ಶ್ರೀಮತಿ ಏಳುವಂತಿರಲಿಲ್ಲ. ನನಗೋ ಶಾಲೆಗೆ ಸುಣ್ಣ ಬಳಿಸಬೇಕು, ಮಕ್ಕಳಿಗೆ ಸ್ವಾಗತ ಗೀತೆ ಕಲಿಸಬೇಕು, ಭಾಷಣ ಬಾಯಿಪಾಠ ಮಾಡಬೇಕು. ರವಿವಾರ ಬೆಳಿಗ್ಗೆ ದಾರಿಯಲ್ಲಿ ಕುಪ್ಪ ಸಿಕ್ಕ.

“ಕುಪ್ಪಾ, ಮೂರು ದಿನ ನಮ್ಮ ಪಾಳಿ ನೀರು ನೀ ಹೊಯ್ತ್ಯೇನೋ?”

“ಆತು ಮಾಸ್ತರೆ.”

ಅಲ್ಲಿಗೆ ನಾನು ನಿಶ್ಚಿಂತ. ಸೋಮವಾರದಿಂದ ತೋಟದ ಕಡೆ ತಲೆ ಹಾಕಲಿಲ್ಲ. ಪಾಳಿಯನ್ನು ಕುಪ್ಪನಿಗೆ ಕೊಟ್ಟ ಮೇಲೆ ನಾನು ಮಾಡಿದ ನಿಯಮವನ್ನು ನಾನೇ ಮುರಿಯಬಹುದೇ?

ಗುರುವಾರ ಸಾಹೇಬರು ಬಂದರು. ಧಾರವಾಡದ ಕಡೆಯವರು, ಮೀಸೆಯ ತುದಿಯಲ್ಲೂ ಹಸಿವು ಕಾಣುತ್ತಿತ್ತು. ಸ್ವಾಗತ ಗೀತೆ ಆಯಿತು, ಭಾಷಣ ಆಯಿತು. ‘ಹಸಿರೇ ಉಸಿರಾದ ಈ ನಂದನವನಕ್ಕೆ’ ಎನ್ನುತ್ತ ಅವರನ್ನು ಗದ್ದೆಯ ಬದುವಿಗೆ ಹತ್ತಿಸಿದೆ.

ಅಯ್ಯೋ ದೇವರೆ! ಹರಿವೆ ಇದ್ದಲ್ಲಿ ಕಂದು ಬಣ್ಣದ ಹುಡಿ. ಬಸಳೆ ಚಪ್ಪರದ ಮೇಲೆ ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು. ನನ್ನ ಸೈನಿಕರೆಲ್ಲ ನೆಲ ಕಚ್ಚಿದ್ದರು. ಮರಳು ಗದ್ದೆ ಕಾದು ಬಾಣಲೆಯಾಗಿತ್ತು.

“ತೋಟಾ ಎಲ್ಲಿ ಅದ ಮಾಸ್ತರ?” ಎಂದರು ಸಾಹೇಬರು.

ಅಧ್ಯಕ್ಷನ ಗತ್ತನ್ನಾದರೂ ಉಳಿಸಿಕೊಳ್ಳಬೇಕಲ್ಲ. ಊಟಕ್ಕೆಂದು ಎಲ್ಲರೂ ಅಲ್ಲೇ ಸೇರಿದ್ದರು. ಸಾಹೇಬರ ಎದುರೇ ವಿಚಾರಣೆ ಶುರು ಮಾಡಿದೆ.

“ಸಾಹೇಬರೆ, ಈ ಅನಾಹುತಕ್ಕೆ ಕಾರಣನಾದವನನ್ನು ನಿಮ್ಮ ಮುಂದೆಯೇ ನಿಲ್ಲಿಸುತ್ತೇನೆ. ಕುಪ್ಪಾ! ನೀರು ಹೊಯ್ ಅಂದಾಗ ಆತು ಅನ್ನಲಿಲ್ವೇನೋ?”

“ಅಂದೆ ಮಾಸ್ತರೆ. ಮರುಗಳಿಗೆಗೆ ಕುಮಟೆ ಬಂದರದಲ್ಲಿ ಮೂಟೆ ಹೊರೂಕೆ ಕರೆ ಬಂತು. ಹೊಟ್ಟೆಪಾಡಲ್ಲಾ? ಸೋಮಯ್ಯಂಗೆ ಹೇಳೇ ಹೋದೆ. ಅಂವ ಆತು ಅಂದ.”

ಸೋಮಯ್ಯ ಮುಂದೆ ಬಂದ. “ಹೌದು, ಅಂದೆ. ಸಾಹೇಬ್ರ ಎದ್ರಿಗೆ ಹಾಡೂ ಮಕ್ಕಳಿಗೆ ಅಂಗಿ ಹೊಲೀಕೆ ನೀವೇ ಅಲ್ವಾ ಮಿಶನ್ನಿನ ಎದ್ರಿಗೆ ಕೂರಿಸದ್ದು? ಹೊನ್ನಮ್ಮಂಗೆ ಹೇಳಿದೆ. ಅದು ಆತು ಅಂತು.”

“ಅಂದೆ ತಮಾ,” ಎಂದಳು ಹೊನ್ನಮ್ಮ. “ಮಗಳಿಗೆ ಹೆರಿಗೆ ನೋವು ಬಂದದೆ ಅಂತ ಅದ್ರ ಗಂಡನ ಮನೆ ಕರ್ಕಿಯಿಂದ ಜನ ಬಂತು. ಗಾಡಿ ಹತ್ತೂ ಮೊದ್ಲು ನಿನ್ನ ಹೆಂಡ್ತಿಗೆ ಹೇಳಿದೆ. ಶ್ರೀಮತಿ ಆತು ಅಂದಿತ್ತು.”

ಸಿಕ್ಕಳು! ಜೀವಮಾನದಲ್ಲಿ ಮೊದಲ ಸಲ ಶ್ರೀಮತಿಯನ್ನು ನಾಲ್ಕು ಜನರ ಎದುರು ತಪ್ಪಿತಸ್ಥಳನ್ನಾಗಿ ನಿಲ್ಲಿಸುವ ಅವಕಾಶ. ದನಿ ಎತ್ತರಿಸಿದೆ.

“ಶ್ರೀಮತೀ, ನೀರು ಎಂತಕ್ಕೆ ಹೊಯ್ಯಲಿಲ್ಲ? ಸಾಹೇಬರ ಎದುರು ಹೇಳು!”

ಅವಳು ಸೆರಗು ಸರಿಮಾಡಿಕೊಂಡು ಶಾಂತವಾಗಿ ಹೇಳಿದಳು. “ಎಮ್ಮೆ ಕರು ಹಾಕದ್ದು ಇವ್ರಿಗೆ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಇವ್ರು ಗಡ್ಡ ಮಾಡ್ತಾ ಕನ್ನಡಿ ಎದ್ರಿಗೆ ಭಾಷಣ ಹೇಳ್ತಾ ಇದ್ರು. ‘ಹೋಯ್, ನೀರು ಹೊಯ್ಯೂಕೆ ಯಾರೂ ಇಲ್ಲ, ಮೂರು ದಿನ ನೀವೇ ಹೊಯ್ಯಿ’ ಅಂದೆ. ಆತು ಅಂದ್ರು.”

ಅಂದಿದ್ದೆ. ನೆನಪಾಯಿತು. ‘ನಂದನವನ’ ಎಂಬ ಶಬ್ದದ ನಡುವೆ ಎಲ್ಲೋ ಅಂದಿದ್ದೆ.

ಅಂದಿನ ಫಸಲಿನ ಊಟಕ್ಕೆ ಸಾಹೇಬರಿಗೆ ಸಿಕ್ಕಿದ್ದು ಗಂಜಿ, ಒಂದು ಉಪ್ಪಿನ ಮಿಡಿ. ಪಾಪ, ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. ಕೈ ತೊಳೆದು ಹೇಳಿದರು. “ಮಾಸ್ತರ, ವರದಿ ಮಾತ್ರ ಭಾಳ ಚಲೋ ಬರದಿದ್ರಿ. ಮುಟ್ಟಳ್ಳಿಗೆ ಹೋಗ್ರಿ. ಅಲ್ಲಿ ತೆಂಗು ಅವ, ಗದ್ದಿ ಅವ. ಯಾವುದಕ್ಕೂ ನೀವು ನೀರು ಹಾಕೋದು ಬ್ಯಾಡ. ಒಂದನೇ ತಾರೀಕಿಗೆ ಹಾಜರಾಗ್ರಿ, ಆಗಬಹುದಲ್ಲ?”

ಬೇಡ ಸಾಹೇಬರೆ, ದಮ್ಮಯ್ಯ ಎನ್ನಬೇಕೆಂದು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಪಳಗಿದ ನಾಲಗೆ.

“ಆತು ಸಾಹೇಬರೆ,” ಎಂದೆ.

ಅವರು ಹೋದ ಮೇಲೆ ಗಂಜಿಯ ಪಾತ್ರೆ ತೊಳೆಯುತ್ತಿದ್ದ ಶ್ರೀಮತಿಯ ಹತ್ತಿರ ಹೋಗಿ ನಿಂತೆ. ನಾಚಿಕೆ ಬಿಟ್ಟು ಹೇಳಿದೆ, “ನೀ ಇಲ್ದೆ ನಂಗೆ ಆಗೂದಿಲ್ಲ ಮಾರಾಯ್ತಿ. ಎಮ್ಮೆ, ಕರು ಎಲ್ಲ ಹೊಡ್ಕಂಡೇ ಹೋಗ್ವಾ. ನೀನೂ ಬತ್ಯಲ್ಲ?”

ಅವಳು ತಲೆ ಎತ್ತಲಿಲ್ಲ. “ಆತು,” ಎಂದಳು.

ಮೂರರಲ್ಲಿ ಯಾವ ಆತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮುಟ್ಟಳ್ಳಿಗೆ ಬಂದು ಇಂದಿಗೆ ನಲವತ್ತು ದಿನ, ಬಂದವನು ನಾನೊಬ್ಬನೇ.

ನಿನ್ನೆ ಮೂಟೆಯ ಗಾಡಿಯ ಜೊತೆ ಕುಪ್ಪ ಈ ಕಡೆ ಬಂದಿದ್ದ. ನಾನು ಬಿಟ್ಟು ಬಂದ ಮೇಲೆ ಹೊನ್ನಮ್ಮ ನಿಯಮದ ಕಾಗದದಿಂದ ಒಲೆ ಹೊತ್ತಿಸಿದಳಂತೆ; ಪಾಳಿ ಗೀಳಿ ಬಿಟ್ಟು, ಪುರಸೊತ್ತಾದವರೆಲ್ಲ ನೀರು ಹೊಯ್ದರಂತೆ. ಬಳ್ಳಿ ಮತ್ತೆ ಚಿಗುರಿತಂತೆ. ಕಳೆದ ರವಿವಾರದ ಊಟಕ್ಕೆ ಹುಳಿ ಉಳಿದು ನೆರೆಮನೆಗೂ ಕೊಟ್ಟರಂತೆ. ಇಷ್ಟು ಹೇಳಿ ಕುಪ್ಪ ಗೋಣಿಯಿಂದ ಕೂಸಿನಷ್ಟು ದೊಡ್ಡ ಮೊಗೆಕಾಯಿಯೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟ.

“ಇದು ನಿಮ್ಮ ಪಾಲು ಮಾಸ್ತರೆ. ನಿಮ್ಮನೆ ಅಕ್ಕೋರು ಕೊಟ್ಟು ಕಳ್ಸಿದ್ರು. ಹುಳಿ ಮಾಡ್ಕಂಡು ಉಣ್ಣೂಕೆ ಹೇಳು ಅಂದ್ರು.”

“ಆತು,” ಎಂದೆ.

ಮೊಗೆಕಾಯಿ ಹೊತ್ತಿಸದ ಒಲೆಯ ಪಕ್ಕದ ಮೂಲೆಯಲ್ಲೇ ಇದೆ. ಹಾಗೇ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ.