ಹೊಗೆ ಬೇಡವೆಂದು ಬಸ್ಸು ಹತ್ತಿದ್ದು

ಬೆಳಿಗ್ಗೆ ನಾನು ಯಾರಿಗಾದರೂ ಬುದ್ಧಿ ಹೇಳಿದರೆ ಸಂಜೆಯೊಳಗೆ ನನ್ನ ಮರ್ಯಾದೆ ಹೋಗಲೇಬೇಕು. ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಸೊರಬ ತಾಲ್ಲೂಕಿನ ಉಳವಿಯಲ್ಲಿ ಹುಟ್ಟಿದವಳು ನಾನು; ಮದುವೆಯಾಗಿ ಸೊಲ್ಲಾಪುರ ಸೇರಿ ಐವತ್ತು ವರ್ಷ ದಾಟಿತು. ಬೇಸಿಗೆಗೊಮ್ಮೆ ಉಳವಿಯ ತಂಗಿಯ ಮನೆಗೆ ಹೋಗುತ್ತೇನೆ. ಸೊಲ್ಲಾಪುರದ ಬಿಸಿಲು ವರ್ಷವರ್ಷಕ್ಕೆ ಏರುವುದನ್ನು ಕಂಡ ನನಗೆ ಹೊಗೆ, ಪ್ಲಾಸ್ಟಿಕ್ ಎಂದರೆ ಸಿಟ್ಟು. ಆ ಸಿಟ್ಟು ನಿಜ. ಉಳಿದದ್ದನ್ನು ನಾಚಿಕೊಂಡೇ ಬರೆಯುತ್ತಿದ್ದೇನೆ.

೧. ಬಸ್ಸಿನ ಹಿಂದೊಂದು ಕಾರು

ಹೋದ ವರ್ಷ ನನ್ನನ್ನು ಕರೆದೊಯ್ಯಲು ತಂಗಿಯ ಮಗ ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಕಾರು ತಂದಿದ್ದ.

"ಒಬ್ಬ ಮುದುಕಿಗೆ ಒಂದು ಕಾರಾ? ನಿಮ್ಮಂಥವರಿಂದಲೇ ಬಿಸಿಲು ಹೀಗಾಗಿರೋದು!" ಎಂದು ನಾಲ್ಕು ಜನರೆದುರು ಗದರಿ ಬಸ್ಸು ಹತ್ತಿದೆ. ಉಳವಿಯಲ್ಲಿ ಇಳಿದು ನೋಡಿದರೆ ಅವನ ಖಾಲಿ ಕಾರು ಬಸ್ಸಿನ ಹಿಂದೆಯೇ ನಿಂತಿದೆ.

"ನೀವು ಮಧ್ಯದಲ್ಲೆಲ್ಲೋ ಇಳಿದುಬಿಟ್ರೆ ಅಮ್ಮ ನನ್ನ ಬಿಡ್ತಾಳಾ ದೊಡ್ಡಮ್ಮ? ಒಂದೊಂದು ಸ್ಟಾಪಲ್ಲೂ ನಿಲ್ಸಿ ನಿಲ್ಸಿ ಬಂದೆ. ಡೀಸೆಲ್ ಡಬ್ಬಲ್ ಆಯ್ತು."

ತಂಗಿಗೆ ನಗು ಬರಲಿಲ್ಲ. "ಮಗನ್ನ ಬಸ್‌ಸ್ಟ್ಯಾಂಡಲ್ಲಿ ಬೈದ್ಯಲ್ಲ ಅಕ್ಕಾ. ಮುಂದಿನ ವರ್ಷ ನೀನು ಕಾರು ಮುಟ್ಟದೆ ಬಾ, ನೋಡಣ" ಎಂದಳು.

"ಮುಟ್ಟಿದರೆ ಕೇಳು!" ಎಂದು ಮಾತು ಕೊಟ್ಟೆ.

೨. ಶಿರಾಳಕೊಪ್ಪದ ದಾರಿಯಲ್ಲಿ

ಈ ವರ್ಷ ಕಾರು ತರಬಾರದೆಂದು ಮೊದಲೇ ತಾಕೀತು ಮಾಡಿದ್ದೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಕಿಟಕಿಯಲ್ಲಿ ಕೈ ಚಾಚಿ ಒಂದು ನೀರಿನ ಬಾಟಲಿ ಕೊಂಡಳು. ನಾನು ಬಿಡಲಿಲ್ಲ. ಪ್ಲಾಸ್ಟಿಕ್ ತಿಂದು ದನ ಹೇಗೆ ಸಾಯುತ್ತದೆ ಎಂದು ಅರ್ಧ ದಾರಿ ಹೇಳಿದೆ. ಹೇಳಿ ಹೇಳಿ ಗಂಟಲು ಒಣಗಿ ಕೆಮ್ಮು ಹತ್ತಿತು. ನನ್ನ ಸ್ಟೀಲ್ ಬಾಟಲಿ ಬಗ್ಗಿಸಿದರೆ ಹನಿಯಿಲ್ಲ, ತುಂಬಿಸುವುದನ್ನೇ ಮರೆತಿದ್ದೆ. ಆಕೆ ತನ್ನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ನಾನು ಗಟಗಟ ಕುಡಿದೆ.

"ಪೂರ್ತಿ ಕುಡೀರಿ ಅಮ್ಮಾ. ಖಾಲಿ ಬಾಟ್ಲಿನೂ ನೀವೇ ಇಟ್ಕೊಳ್ರಿ, ನಮ್ಮೂರ ದನ ಬದುಕಲಿ."

೩. ಸೀಟು ಹಿಡಿದದ್ದು

ಶಿರಾಳಕೊಪ್ಪದಲ್ಲಿ ಸೊರಬದ ಬಸ್ಸಿಗೆ ರಜೆಯ ಜನವೋ ಜನ. ನಮ್ಮ ಕಡೆ ಸೀಟು ಹಿಡಿಯುವ ಪದ್ಧತಿ ಗೊತ್ತಲ್ಲ: ಕಿಟಕಿಯಿಂದ ಟವಲ್ಲೋ ಚೀಲವೋ ಒಳಗೆ ಎಸೆದರೆ ಆ ಸೀಟು ನಮ್ಮದು. ನಾನೂ ಬಟ್ಟೆಯ ಚೀಲ ಎಸೆದು, ಗುಂಪಿನಲ್ಲಿ ನುಗ್ಗಿ ಬಸ್ಸು ಹತ್ತಿದೆ. ನನ್ನ ಸೀಟಿನಲ್ಲಿ ಒಬ್ಬ ಮೀಸೆಯ ಗೌಡರು ಕೂತಿದ್ದರು.

"ಏಳ್ರೀ, ನಾನು ಚೀಲ ಹಾಕಿದ ಜಾಗ ಇದು!"

"ಚೀಲ ಎಲ್ಲೈತಿ ತೋರಸ್ರಿ ಅಮ್ಮಾ, ಏಳ್ತೀನಿ."

"ನೀವೇ ಬಚ್ಚಿಟ್ಟಿದ್ದೀರಿ!" ಎಂದುಬಿಟ್ಟೆ. ಪಾಪ, ಅವರು ಎದ್ದು ನಿಂತು ಪಂಚೆ ಕೊಡವಿ ತೋರಿಸಿದರು. ಅಷ್ಟರಲ್ಲಿ ಕಂಡಕ್ಟರ್ ಬಂದು "ಎಲ್ಲಿಗಮ್ಮಾ?" ಎಂದ. ಸೊರಬ ಎಂದೆ. "ಇದು ಹಿರೇಕೆರೂರಿಗೆ ಹೋಗೋ ಬಸ್ಸು!"

ಪಕ್ಕದಲ್ಲಿ ನಿಂತಿದ್ದ ಸೊರಬದ ಬಸ್ಸು ನನ್ನ ಚೀಲ ಹೊತ್ತು ಆಗಲೇ ಹೊರಟುಹೋಗಿತ್ತು. ಅದರಲ್ಲಿ ನನ್ನ ಫೋನು, ಮಾತ್ರೆ, ತಂಗಿಗೆಂದು ತಂದ ಸೀರೆ. ಗೌಡರಿಗೆ ತಪ್ಪಾಯಿತೆಂದೂ ಹೇಳದೆ ಇಳಿದು, ಎದುರಿಗೆ ಕಂಡ ಬಾಡಿಗೆ ಕಾರು ಹತ್ತಿ "ಆ ಬಸ್ಸನ್ನ ಹಿಡೀರಿ" ಎಂದೆ. ಡ್ರೈವರ್ "ಎಸಿ ಹಾಕ್ಲಾ ಅಮ್ಮಾ?" ಎಂದ. ಬೇಡ ಎನ್ನಬೇಕಿತ್ತು. "ಸ್ವಲ್ಪ ಜಾಸ್ತಿನೇ ಹಾಕಪ್ಪ" ಎಂದೆ.

ಬಸ್ಸು ಸಿಗಲಿಲ್ಲ. ಸೊರಬದ ನಿಲ್ದಾಣದಲ್ಲಿ ನನ್ನನ್ನು ಕರೆದೊಯ್ಯಲು ತಂಗಿ ನಿಂತಿದ್ದಳು. ಉಳವಿಯಿಂದ ಬಸ್ಸಿನಲ್ಲೇ ಬಂದಿದ್ದಳು. ಅವಳ ಹೆಗಲಲ್ಲಿ ನನ್ನ ಚೀಲ! ಎಲ್ಲಿದ್ದೀಯ ಎಂದು ಅವಳು ನನಗೆ ಫೋನ್ ಮಾಡಿದಾಗ ಬಸ್ಸಿನ ಕಂಡಕ್ಟರ್ ಎತ್ತಿ, "ಅಮ್ಮಾರು ಇಲ್ರೀ, ಚೀಲ ಒಂದೇ ಬರ್ತಾ ಇದೆ, ಇಳಿಸ್ಕೊಳ್ರಿ" ಎಂದನಂತೆ.

ನಾನು ತಣ್ಣಗಿನ ಕಾರಿನಿಂದ ತಲೆ ತಗ್ಗಿಸಿಕೊಂಡು ಇಳಿದೆ. ತಂಗಿ ಕಾರನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಚೀಲವನ್ನು ಮೆಲ್ಲಗೆ ತಟ್ಟಿದಳು.

"ಹೋಗ್ಲಿ ಬಿಡು ಅಕ್ಕಾ. ನೀನು ಕೊಟ್ಟ ಮಾತನ್ನ ಇದಾದ್ರೂ ಉಳಿಸ್ಕೊಂಡು ಬಂತಲ್ಲ."